ಸೂರ್ಯ ಇನ್ನೂ ಅರ್ಧ ಇದ್ದ

ಇರುಳೆಲ್ಲ ಸುರಿದು ಸೋತ ಮಳೆ ಮುಂಜಾವಿಗೆ ಕಣ್ಣೊರೆಸಿಕೊಂಡಿತ್ತು. ತೊಳೆದಿಟ್ಟ ಕಲ್ಲುಹಾಸಿನ ಬೀದಿಗಳಲ್ಲಿ ಬಾಲಾರ್ಕನ ಹೊಂಬೆಳಕು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕಡಲಂಚಿನ ಬಿಳಿಗೋಡೆಗಳನ್ನು ಸವರಿ, ದೋಣಿಕಟ್ಟೆಯ ನಿಶ್ಚಲ ಜಲದ ಮೇಲೆ ಮೈಚಾಚಿ ಮಲಗಿತ್ತು... ಆ ದ್ವೀಪದ ಪುಟ್ಟ ಊರಿನಲ್ಲಿ ಬೆಳಕಿಗೇ ಅವಸರವಿಲ್ಲದ ಮೇಲೆ ಮನುಷ್ಯರಿಗೆಲ್ಲಿಯದು! ಬೇಕರಿಯವನು ಹಿಟ್ಟು ಉಬ್ಬಿದಾಗ ಬಾಗಿಲು ತೆರೆಯುತ್ತಿದ್ದ. ದೋಣಿಯವನು ಹತ್ತು ಜನ ತುಂಬಿದಾಗ ಹಗ್ಗ ಬಿಚ್ಚುತ್ತಿದ್ದ. ಚೌಕದ ಗಡಿಯಾರವಂತೂ ಎಂದೋ ನಾಲ್ಕೂ ಇಪ್ಪತ್ತಕ್ಕೆ ನಿಂತುಹೋಗಿ, ಯಾರ ಆಕ್ಷೇಪಣೆಯೂ ಇಲ್ಲದೆ ನಿಶ್ಚಿಂತವಾಗಿತ್ತು.

ಆಕ್ಷೇಪಣೆ ಇದ್ದುದು ಸೀಟಿರಾಯರೊಬ್ಬರಿಗೆ ಮಾತ್ರ. ಬಂದ ಎರಡನೆಯ ವಾರವೇ ಅವರು ಗಡಿಯಾರದ ದುರಸ್ತಿಗಾಗಿ ಪುರಸಭೆಗೆ ಅರ್ಜಿ ಬರೆದಿದ್ದರು.

ಸಹೃದಯರೇ, ನಗಬೇಡಿ. ತಾಯ್ನಾಡಿನ ಬಸ್ ನಿಲ್ದಾಣದಲ್ಲಿ ಮೂವತ್ತಾರು ವರ್ಷ ಕಂಟ್ರೋಲರಾಗಿ, ಒಂದು ಸೀಟಿಗೆ ಬಸ್ಸನ್ನು ನಿಲ್ಲಿಸಿ, ಎರಡು ಸೀಟಿಗೆ ಹೊರಡಿಸಿ ಆ ಅಡ್ಡಹೆಸರನ್ನು ಸಂಪಾದಿಸಿದವರು ಅವರು. ಅವರ ಪತ್ನಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಅದೆಷ್ಟು ವಿರಹಿಗಳ ಪ್ರೇಮಾಲಾಪದ ನಡುವೆ ಆ ಮಧುರ ಕಂಠ “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?” ಎಂದು ಕೇಳಿತ್ತೋ! ಒಂದು ದಿನ ರಾಯರು, ಅದು ಕಚೇರಿಯ ಕರೆ ಎಂಬುದನ್ನೂ ಮರೆತು, “ಬದುಕಿಡೀ ಮುಂದುವರಿಸ್ತೀನಿ” ಎಂದುಬಿಟ್ಟಿದ್ದರು. ಹೀಗೆ ಕೂಡಿದ ಇಬ್ಬರೂ ನಿಮಿಷಗಳ ಜೀತ ಮುಗಿಸಿ ನಿವೃತ್ತರಾದಾಗ ಆಕೆ ಬೇಡಿದ್ದು ಒಂದನ್ನೇ: ಯಾರೂ ಗಡಿಯಾರ ನೋಡದ ಕಡೆ ಹೋಗಿ ಇದ್ದುಬಿಡೋಣ. ಅದಕ್ಕಾಗಿಯೇ ಈ ಪರದೇಶ, ಈ ಕಡಲು, ನಾಲಿಗೆಗೆ ಒಗ್ಗದ ಈ ಭಾಷೆ.

ಹುಟ್ಟುಗುಣ ಸುಟ್ಟರೂ ಹೋಗದಂತೆ. ಅಡುಗೆಮನೆಯ ಗೋಡೆಗೆ ರಾಯರು ದುಂಡಕ್ಷರದ ವೇಳಾಪಟ್ಟಿಯೊಂದನ್ನು ಅಂಟಿಸಿದರು. ‘೬.೦೦ ನಿಧಾನ ನಡಿಗೆ. ೭.೧೫ ಸಮುದ್ರ ವೀಕ್ಷಣೆ, ಇಪ್ಪತ್ತು ನಿಮಿಷ. ೮.೩೦ ತಿಂಡಿ, ಆತುರವಿಲ್ಲದೆ.’ ಆಕೆ ಮೊದಲು ನಕ್ಕರು; ಆಮೇಲೆ ಸಹಿಸಿದರು; ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಮೌನವಾದರು. ಆ ಮೌನ ರಾಯರ ಪಟ್ಟಿಯ ಯಾವ ಸಾಲಿನಲ್ಲೂ ಇರಲಿಲ್ಲವಾದ್ದರಿಂದ ಅವರ ಗಮನಕ್ಕೆ ಬರಲಿಲ್ಲ.

ನಿನ್ನೆ ಸಂಜೆ ಕಡಲ ತಡೆಗೋಡೆಯ ಮೇಲೆ ಆಕೆ ತನ್ಮಯರಾಗಿ ಕುಳಿತಿದ್ದರು. ಪಶ್ಚಿಮ ದಿಗಂತದಲ್ಲಿ ಅಸ್ತಮಾನದ ಕುಂಕುಮರಾಗ ಕದಡಿಹೋಗಿತ್ತು... ರಾಯರು ಕೈಗಡಿಯಾರ ನೋಡಿದರು. ಬೆರಳುಗಳು ತಾವಾಗಿಯೇ ತುಟಿಗೇರಿದವು. ಎರಡು ಸೀಟಿ! ಆಕೆ ಬೆಚ್ಚಿ ಎದ್ದು ಹಿಂಬಾಲಿಸಿದರು. ಊಟಕ್ಕೆ ಕುಳಿತಾಗ ಒಂದೇ ಮಾತು ಹೇಳಿದರು.

“ಸೂರ್ಯ ಇನ್ನೂ ಅರ್ಧ ಇದ್ದ, ರೀ.”

ಈ ಬೆಳಿಗ್ಗೆ ರಾಯರು ಬ್ರೆಡ್ ತರಲು ಹೋಗಿದ್ದರು. ಬೇಕರಿಯ ಹಿಟ್ಟು ಉಬ್ಬಲು ತಡವಾಗಿ, ಹಿಂತಿರುಗುವಾಗ ಒಂಬತ್ತೂ ಹತ್ತು. ಮನೆಯಲ್ಲಿ ಆಕೆ ಇರಲಿಲ್ಲ. ಮಂಚದ ಕೆಳಗಿನ ಸೂಟ್‌ಕೇಸೂ ಇರಲಿಲ್ಲ. ಗೋಡೆಯ ಪಟ್ಟಿಯಲ್ಲಿ, ತಿಂಡಿಯ ಸಾಲಿನ ಕೆಳಗೆ, ಆಕೆಯ ಮುದ್ದಾದ ಅಕ್ಷರಗಳಿದ್ದವು: ‘೯.೦೦ ಅಕ್ಕನ ಮನೆಗೆ ಪ್ರಯಾಣ.’

ಅಕ್ಕನ ಮನೆ ಇದ್ದುದು ತಾಯ್ನಾಡಿನಲ್ಲಿ, ಎರಡು ವಿಮಾನಗಳಾಚೆ. ರಾಯರು ಮನೆಯ ಚಪ್ಪಲಿಯಲ್ಲೇ ಓಡಿದರು. ಒದ್ದೆ ಮೆಟ್ಟಿಲುಗಳಲ್ಲಿ ಜಾರುತ್ತಾ, ಗೋಡೆ ಹಿಡಿಯುತ್ತಾ, ತಾವು ಎಷ್ಟೋ ಸಲ ಬೈದಿದ್ದ, ಬಸ್ಸು ತಪ್ಪಿಸಿಕೊಂಡ ಮುದುಕರ ಹಾಗೆಯೇ ಏದುಸಿರು ಬಿಡುತ್ತಾ ಓಡಿದರು.

ದೋಣಿ ಅಲ್ಲೇ ಇತ್ತು! ಒಂಬತ್ತು ಜನ ಕುಳಿತಿದ್ದರು, ಒಂದು ಜಾಗ ಖಾಲಿ. ಆಕೆ ಅಂಚಿನ ಹಲಗೆಯ ಮೇಲೆ ಸೂಟ್‌ಕೇಸನ್ನು ಮಂಡಿಗೆ ಒತ್ತಿಕೊಂಡು ಕುಳಿತಿದ್ದರು. ನಿಲ್ಲು ಎನ್ನುವ ಆ ಒಂದು ಸೀಟಿಗಾಗಿ ರಾಯರ ಬೆರಳುಗಳು ತುಟಿಯವರೆಗೂ ಹೋದವು... ಅಲ್ಲಿಂದ ಕೆಳಗಿಳಿದವು. ಸೀಟಿಯೇ ಓಡಿಸಿದವಳನ್ನು ಸೀಟಿ ಹೇಗೆ ಕರೆದು ತಂದೀತು?

“ಇಳಿದು ಬಾ,” ಎಂದರು. “ನೀನಿಲ್ಲದೆ ನನಗೆ ಆಗಲ್ಲ.”

“ನಾನು ಇದ್ದಾಗ ನೀವು ಗಡಿಯಾರ ನೋಡ್ತಾ ಇದ್ರಿ,” ಎಂದರು ಆಕೆ. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ರಾಯರಿಗೆ ಸಮಾಧಾನವಾಗುತ್ತಿತ್ತು. “ನನಗೂ ಅರವತ್ಮೂರಾಯ್ತು, ರೀ. ಉಳಿದಿರೋದನ್ನಾದ್ರೂ ಪೂರ್ತಿ ನೋಡ್ಬೇಕು.”

ರಾಯರು ಒದ್ದೆ ಮೆಟ್ಟಿಲ ಮೇಲೆ ಕುಳಿತರು. ಖಾಲಿ ಸೀಟೆಂದರೆ ಸಿಡಿಮಿಡಿಗೊಳ್ಳುತ್ತಿದ್ದ ಆ ಜೀವ ಈಗ ದೋಣಿಯ ಆ ಒಂದು ಖಾಲಿ ಜಾಗವನ್ನೇ ದೇವರ ಗುಡಿಯಂತೆ ನೋಡುತ್ತಿತ್ತು. ಅದು ತುಂಬದಿರಲಿ, ಇವತ್ತು ಈ ಊರಿನಲ್ಲಿ ಯಾರಿಗೂ ಎಲ್ಲಿಗೂ ಹೋಗುವ ಕೆಲಸವಿಲ್ಲದಿರಲಿ... ಹಾಗೆ ಬೇಡುತ್ತಲೇ ಅವರು ಆಕೆಯನ್ನು ನೋಡಿದರು. ಕಿವಿಯ ಹಿಂದಿನ ಕೂದಲು ಪೂರಾ ಬೆಳ್ಳಗಾಗಿತ್ತು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಇವೆಲ್ಲ ಯಾವಾಗ ಆದವು? ಎಷ್ಟು ಹೊತ್ತು ಹಾಗೆ ನೋಡಿದರೋ, ಸ್ವತಃ ರಾಯರಿಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕಟ್ಟೆಯ ತುದಿಯಲ್ಲಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕಾಣಿಸಿಕೊಂಡಳು. ಹತ್ತನೆಯವಳು! ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಾ, ಬುಟ್ಟಿಯನ್ನು ಸೊಂಟದಿಂದ ಸೊಂಟಕ್ಕೆ ಬದಲಿಸುತ್ತಾ ಬಂದಳು. ಮುದುಕಿ ನಿಂತಾಗಲೆಲ್ಲ ರಾಯರ ಉಸಿರು ಹೊರಬರುತ್ತಿತ್ತು; ನಡೆದಾಗಲೆಲ್ಲ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೂ ಬಂದವಳು ಕಟ್ಟೆಗೂ ದೋಣಿಗೂ ನಡುವಿನ ನೀರನ್ನು ನೋಡಿ ಹಿಂಜರಿದಳು. ರಾಯರು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಎದ್ದು, ಬುಟ್ಟಿಯನ್ನು ಇಸಿದುಕೊಂಡು, ಅವಳ ಕೈಹಿಡಿದು ದೋಣಿಗೆ ಇಳಿಸಿದರು. ಪತ್ನಿ ಅದನ್ನು ನೋಡಿದರು.

ದೋಣಿಯವನು ಹಗ್ಗ ಬಿಚ್ಚಿದ.

ಹೊಸಿಲು ದಾಟುವಾಗ ‘ಹೋಗ್ತೀನಿ’ ಎನ್ನುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಹೊರಟರೂ ‘ಬರ್ತೀನಿ’ ಎಂದೇ ಹೇಳಬೇಕು. ಈ ಬೆಳಿಗ್ಗೆ ಆಕೆ ಯಾವುದನ್ನೂ ಹೇಳದೆ ಹೊರಟಿದ್ದರು. ಈಗ ದೋಣಿಗೂ ಕಟ್ಟೆಗೂ ಗೇಣಗಲದ ನೀರು... ಮೊಳದಗಲ... ಮಾರಗಲ... ರಾಯರು ಆಕೆಯ ತುಟಿಗಳನ್ನೇ ನೋಡುತ್ತಾ ನಿಂತರು.

“ಬರ್ತೀನಿ, ರೀ.”

ಯಾವಾಗ? ಎಷ್ಟು ಗಂಟೆಗೆ? ಯಾವ ತಿಂಗಳಲ್ಲಿ? ಮೂವತ್ತಾರು ವರ್ಷಗಳ ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತಿತು. ರಾಯರು ಅದನ್ನು ಹಾಗೆಯೇ ನುಂಗಿಕೊಂಡರು.

“ನಿಧಾನವಾಗಿ ಬಾ,” ಎಂದರು.

ಆಕೆಯ ಮುಖದಲ್ಲಿ ಏನೋ ಅಲುಗಿತು. ಅದು ನಗೆಯೋ ಅಳುವೋ ಆ ದೂರಕ್ಕೆ ತಿಳಿಯಲಿಲ್ಲ. ದೋಣಿ ಚುಕ್ಕೆಯಾಯಿತು, ಅರ್ಧ ಚುಕ್ಕೆಯಾಯಿತು. ರಾಯರು ಮತ್ತೆ ಮೆಟ್ಟಿಲ ಮೇಲೆ ಕುಳಿತರು. ಅದು ಪೂರ್ತಿ ಮರೆಯಾಗುವವರೆಗೆ, ಮರೆಯಾದ ಮೇಲೂ ಆ ನೀರಿನ ಹೊಳಪು ಶಾಂತವಾಗುವವರೆಗೆ ಕುಳಿತೇ ಇದ್ದರು.

ಮನುಷ್ಯ ಹೃದಯದ ರೀತಿಯೇ ಹೀಗೇನೋ, ಸಹೃದಯರೇ! ಬಳಿಯಲ್ಲಿದ್ದವರನ್ನು ನೋಡಲು ಅದಕ್ಕೆ ಪುರುಸೊತ್ತಿರುವುದಿಲ್ಲ. ಬರಿದಾದ ಹಾದಿಯನ್ನು ನೋಡಲು ಮಾತ್ರ ಉಳಿದ ಆಯುಷ್ಯವನ್ನೆಲ್ಲ ಕೊಡಲು ಸಿದ್ಧವಾಗುತ್ತದೆ. ತಡವಾಗಿ ಕಲಿತ ಆ ನೋಟವೂ ಪ್ರೀತಿಯೇ. ಅದಕ್ಕೆ ಉತ್ತರವಾಗಿ ದೋಣಿಯೊಂದು ಮರಳಿ ಬರುವುದೋ ಇಲ್ಲವೋ, ಹೇಳಬಲ್ಲವರಾರು... ಆದರೆ ಅಂದು ಸಂಜೆ ಕಡಲ ತಡೆಗೋಡೆಯ ಮೇಲೆ ಒಬ್ಬರೇ ಕುಳಿತಿದ್ದ ರಾಯರು, ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಮನೆಗೆ ಹೋದರು.