ಟಿಕ್ ಟಿಕ್ ಟಿಕ್, ಆಮೇಲೆ ಬೆಂಕಿ

ಗಸಗಸೆಯ ವಾಸನೆ, ಕೊಲಾಚೆಯದ್ದೇ, ಚರ್ಚಿನ ಹೆಂಗಸರು ಸುಟ್ಟು ಮಾರುತ್ತಿರುವ ಸಿಹಿಬನ್ನಿನದ್ದು, ಬೆಳಿಗ್ಗೆಯಿಂದ ಇಲ್ಲೇ ಓಡಾಡುತ್ತಿದ್ದರೂ ಮೂಗಿಗೆ ಬಿದ್ದಿರಲಿಲ್ಲ, ಈಗ ಕಾಕ್‌ಪಿಟ್ಟಿನಲ್ಲಿ ಪಟ್ಟಿ ಬಿಗಿದುಕೊಂಡು ಕೂತ ಮೇಲೆ ಬೆನ್ನ ಹಿಂದಿನಿಂದ ಬಂದು ಮುಖ ಸವರುತ್ತಿದೆ, ಬೆನ್ನ ಹಿಂದಿನಿಂದ — ಇರಲಿ ಆರ್ಡಿತ್, ಈಗ ತಿಂಡಿಯ ಯೋಚನೆ ಬೇಡ, ಮುಂದೆ ನೋಡು. ಮುಂದೆ ಹಗ್ಗ, ಹಗ್ಗದಾಚೆ ಜನ, ಅರ್ಧ ನೆಬ್ರಾಸ್ಕಾವೇ ಮಡಚುವ ಕುರ್ಚಿ ಹೊತ್ತು ಬಂದು ಕೂತ ಹಾಗಿದೆ, ಅವರಲ್ಲಿ ಎಷ್ಟು ಮಂದಿಯ ಮೆಕ್ಕೆಜೋಳದ ಹೊಲಕ್ಕೆ ಅವಳು ಮದ್ದು ಹೊಡೆದಿಲ್ಲ, ಬೆಳಗಿನ ಜಾವ ಛಾವಣಿ ಮೇಲೆ ಹಾರಿ ಯಾರ ನಿದ್ದೆ ಕೆಡಿಸಿಲ್ಲ, ಆ ಆರ್ಡಿತ್ ಕುಚೇರಾ ಇವತ್ತು ಲಾಗ ಹಾಕುತ್ತಾಳಂತೆ ನೋಡೋಣ ಅಂತ ಬಂದವರು. ಧ್ವನಿವರ್ಧಕದಲ್ಲಿ ಡೆಲ್ಬರ್ಟ್, ಆಗಸ್ಟ್ ತಿಂಗಳಲ್ಲೂ ಟೈ ಕಟ್ಟಿಕೊಂಡು ಪ್ರದರ್ಶನದ ವಿವರಣೆ ಕೊಡುವ ಡೆಲ್ಬರ್ಟ್, ಮಹನೀಯರೇ ಮಹಿಳೆಯರೇ, ಇಂಥ ಜೋಡಿರೆಕ್ಕೆ ವಿಮಾನ ನೀವು ನೋಡಿರಲಾರಿರಿ, ನಿಮ್ಮ ಅಜ್ಜನ ಕಾಲದ ರೆಕ್ಕೆ, ಮೂಗಿನಲ್ಲಿ ಮಾತ್ರ ಟರ್ಬೈನು, ಅಣ್ಣ ತಂಗಿ ಇಬ್ಬರೇ ಕೊಟ್ಟಿಗೆಯಲ್ಲಿ ಕೂತು ಕಟ್ಟಿದ್ದು — ಇಬ್ಬರೇ ಅನ್ನುವುದು ಪೂರ್ತಿ ನಿಜವಲ್ಲ ಡೆಲ್ಬರ್ಟ್, ರೆಕ್ಕೆ ಅಣ್ಣನದ್ದು, ಎಂಜಿನ್ ನನ್ನದು, ಎರಡರ ನಡುವೆ ಬೆಂಕಿ ತಡೆಯುವ ತಗಡಿನ ಗೋಡೆ ಇಬ್ಬರದ್ದೂ.

ಅಗೋ ಲೂಮಿರ್, ಮೂಗಿನ ಎಡಕ್ಕೆ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿದ್ದಾನೆ, ಒಲ್ಲದ ಮದುವೆಗೆ ಬಂದ ನೆಂಟನ ಮುಖ. ಕೊಟ್ಟಿಗೆಯಲ್ಲಿ ಈ ಎಂಜಿನ್ ಪರೀಕ್ಷೆ ಮಾಡಿದಾಗಲೆಲ್ಲ ಅವನು ಕೈ ಒರೆಸಿಕೊಂಡು ಮನೆಯೊಳಗೆ ಹೋಗಿ ರೇಡಿಯೋ ಜೋರು ಮಾಡುತ್ತಿದ್ದ, ಇದು ಎಂಜಿನ್ನಲ್ಲ ಕಣೇ, ಕೂದಲು ಒಣಗಿಸೋ ಮಿಷಿನ್ನು, ಎಂಜಿನ್ನು ಅಂದ್ರೆ ಕೆಮ್ಬೇಕು, ಹೊಗೆ ಉಗುಳ್ಬೇಕು, ನಾಲ್ಕು ಬೈಸ್ಕೊಂಡು ಆಮೇಲೆ ಏಳ್ಬೇಕು. ಅದೂ ಪ್ರಾಗಿನಲ್ಲಿ ಮಾಡಿದ್ದು ಎಂದು ಗೊತ್ತಾದಾಗ ಹೊಟ್ಟೆ ಹಿಡಿದು ನಕ್ಕಿದ್ದ, ತಾತ ಆ ಊರೇ ಬೇಡ ಅಂತ ಒಂದು ಪೆಟ್ಟಿಗೆ ಹೊತ್ಕೊಂಡು ಓಡಿಬಂದ, ನೀನು ದುಡ್ಡು ಕೊಟ್ಟು ವಾಪಸ್ ತರಿಸ್ಕೊಂಡೆ. ನಗುವಿನ ಅಡಿಯಲ್ಲಿ ಇನ್ನೊಂದಿತ್ತು, ಅವಳಿಗೆ ಗೊತ್ತು. ಸುತ್ತಲೂ ಸಿಲಿಂಡರು ಜೋಡಿಸಿದ ಹಳೆಯ ದುಂಡು ಎಂಜಿನ್ನುಗಳ ಕಾಲದಲ್ಲಿ ಲೂಮಿರ್ ಕುಚೇರಾ ಅಂದರೆ ಐದು ಜಿಲ್ಲೆಗೆ ಒಬ್ಬನೇ, ಮದ್ದು ಹೊಡೆಯುವ ವಿಮಾನ ಎಲ್ಲಿ ಕೆಟ್ಟು ಕೂತರೂ ಅವನೇ ಬರಬೇಕು, ಕಿವಿಯಿಟ್ಟು ಕೇಳಿ ಮೂರನೇ ಸಿಲಿಂಡರ್ ಅನ್ನುತ್ತಿದ್ದ, ಮೂರನೆಯದೇ ಆಗಿರುತ್ತಿತ್ತು. ಟರ್ಬೈನುಗಳು ಬಂದವು, ಅವು ಕೆಡುತ್ತಲೇ ಇರಲಿಲ್ಲ, ಫೋನು ಬರುವುದು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು. ಮತ್ತು ತಂಗಿ ಹೋಗಿ ಬಿದ್ದದ್ದು ಅದೇ ಟರ್ಬೈನಿನ ಮೋಹಕ್ಕೆ. ಅವಳೇನು ಮಾಡಲಿ, ಕಿವಿಗೆ ಬಿದ್ದದ್ದು ಹಾಗೆ ಬಿತ್ತು, ಇಪ್ಪತ್ತರ ಹರೆಯ, ಮದ್ದು ಕಲಸಿ ವಿಮಾನಕ್ಕೆ ತುಂಬುವ ಕೆಲಸ, ಹೊಸದಾಗಿ ಬಂದ ಆ ಹಳದಿ ವಿಮಾನದ ಎದುರು ಬಕೆಟ್ಟು ಹಿಡಿದು ನಿಂತಿದ್ದಳು, ಮೊದಲು ಟಿಕ್ ಟಿಕ್ ಟಿಕ್, ಒಳಗೆ ಯಾರೋ ನಾಲಿಗೆ ಲೊಟಗುಟ್ಟಿಸಿದ ಹಾಗೆ ಕಿಡಿಯ ಸದ್ದು, ಹಿಂದೆಯೇ ಒಂದು ಸಣ್ಣ ಕೂಗು ಏರುತ್ತ ಏರುತ್ತ, ಮತ್ತೆ ಹಫ್ ಅಂತ ಒಂದೇ ಒಂದು ನಿಟ್ಟುಸಿರು, ಬೆಂಕಿ ಹೊತ್ತಿತು, ಯಾರೂ ಮುಟ್ಟದ ಪ್ರೊಪೆಲರ್ ತಾನಾಗಿ, ನಿಧಾನವಾಗಿ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಹಾಗೆ ತಿರುಗಲು ಶುರುವಾಯಿತು. ಬಕೆಟ್ಟು ಕಾಲ ಮೇಲೆ ಬಿದ್ದದ್ದೂ ತಿಳಿಯಲಿಲ್ಲ. ಒಳಗೆ ಎರಡು ಚಕ್ರ ಕಣೋ, ಒಂದಕ್ಕೊಂದು ತಾಕೋದೇ ಇಲ್ಲ, ಒಂದು ಊದತ್ತೆ, ಆ ಬಿಸಿಗಾಳಿಗೆ ಇನ್ನೊಂದು ತಿರುಗತ್ತೆ, ಪ್ರೊಪೆಲರ್ ಇರೋದು ಎರಡನೇದಕ್ಕೆ — ಮನೆಗೆ ಬಂದು ಲೂಮಿರನಿಗೆ ಒಂದೇ ಉಸಿರಿಗೆ ಹೇಳಿದ್ದಳು, ಅವನು ತಟ್ಟೆಯಿಂದ ತಲೆ ಎತ್ತದೆ, ತಾಕ್ದೇ ತಿರುಗೋದನ್ನ ನಾನು ನಂಬಲ್ಲ, ಅಂದಿದ್ದ.

ಸರಿ, ಹೊತ್ತಾಯಿತು. ಬ್ಯಾಟರಿ, ಹಾಕಿದೆ. ಪಂಪು, ಹಾಕಿದೆ. ಪ್ರೊಪೆಲರಿನ ಬ್ಲೇಡುಗಳು ಗಾಳಿಗೆ ಅಂಚು ತೋರಿಸಿ ಸುಮ್ಮನೆ ನಿಂತಿವೆ. ಬೆರಳು ಗುಂಡಿಯ ಮೇಲೆ, ಒತ್ತಿದಳು, ಟಿಕ್ ಟಿಕ್ ಟಿಕ್, ಆಹಾ, ಈ ವಯಸ್ಸಿನಲ್ಲೂ ಮೈ ಜುಮ್ಮೆನ್ನುತ್ತದೆ, ಕೂಗು ಏರುತ್ತಿದೆ, ಆದರೆ ಯಾಕೋ ಮೈಗಳ್ಳನ ಹಾಗೆ ಏರುತ್ತಿದೆ, ಬ್ಯಾಟರಿ ಬಿಸಿಲಿಗೆ ಸೋತಿತೇ, ಇನ್ನು ಸ್ವಲ್ಪ, ಇನ್ನು ಸ್ವಲ್ಪ, ಈಗ ಲಿವರ್ ಮುಂದೆ, ಎಣ್ಣೆ ಒಳಗೆ, ಹಫ್ — ಹೊತ್ತಿತು, ಜನ ಓ ಅಂದರು, ಅವಳ ಕಣ್ಣು ಜನರ ಮೇಲಿಲ್ಲ, ಶಾಖದ ಮುಳ್ಳಿನ ಮೇಲಿದೆ, ಮುಳ್ಳು ಹತ್ತುತ್ತಿದೆ, ಹತ್ತಲೇಬೇಕು, ಹತ್ತಿ ಒಂದು ಕಡೆ ಬಾಗಿ ಇಳಿಯುತ್ತದೆ ಯಾವಾಗಲೂ, ಈಗ ಬಾಗಬೇಕು, ಈಗ, ಬಾಗುತ್ತಿಲ್ಲ, ಗಸಗಸೆಯ ವಾಸನೆಯ ಜಾಗದಲ್ಲಿ ಸುಟ್ಟ ಸೀಮೆಎಣ್ಣೆಯ ವಾಸನೆ, ತನ್ನದೇ ಹೊಗೆ ತನ್ನ ಮುಖಕ್ಕೆ, ಗಾಳಿ ಬೆನ್ನಿಗೆ ಬಿದ್ದಿದೆ, ಹೊರಗೆ ಹೋಗಬೇಕಾದ ಬಿಸಿಯನ್ನು ಒಳಕ್ಕೇ ತಳ್ಳುತ್ತಿದೆ, ಮುಳ್ಳು ಕೆಂಪು ಗೆರೆಯ ಹತ್ತಿರ, ಇಷ್ಟು ಜನ, ಡೆಲ್ಬರ್ಟ್, ಲೂಮಿರ್, ಇನ್ನೊಂದು ಕ್ಷಣ ಬಿಟ್ಟರೆ ತಾನಾಗಿ ಇಳಿದೀತು, ಇಳಿಯದಿದ್ದರೆ ಎಂಜಿನ್ನೊಳಗಿನ ಚಕ್ರದ ರೆಕ್ಕೆಗಳೆಲ್ಲ ಮೇಣದ ಹಾಗೆ ಕರಗಿ, ಆರು ಚಳಿಗಾಲದ ಕೆಲಸ ಒಂದು ಉಸಿರಿನಲ್ಲಿ — ಕೈ ಆಗಲೇ ಲಿವರನ್ನು ಹಿಂದಕ್ಕೆ ಎಳೆದಿತ್ತು. ಮನಸ್ಸು ಇನ್ನೂ ನಾಚಿಕೊಳ್ಳುತ್ತಿತ್ತು, ಕೈ ನಾಚಲಿಲ್ಲ. ಬೆಂಕಿ ನಂದಿತು. ಗುಂಡಿಯನ್ನು ಒತ್ತಿಯೇ ಹಿಡಿದಳು, ಎಣ್ಣೆಯಿಲ್ಲದೆ ಬರೀ ಗಾಳಿ ಒಳಗೆ ಹರಿಯಲಿ, ತಣಿಯಲಿ, ಮುಳ್ಳು ಗೆರೆ ಮುಟ್ಟದೆ ಇಳಿಯಿತು, ಇಳಿಯಿತು ದೇವರೇ, ಇಳಿಯಿತು. ಕೂಗು ಅಡಗಿತು, ಮೈದಾನ ಒಮ್ಮೆಲೇ ಎಷ್ಟು ನಿಶ್ಶಬ್ದವೆಂದರೆ ಹೊಲದ ಮಿಡತೆಗಳ ಸದ್ದು ಕೇಳಿಸಿತು, ಆಮೇಲೆ ಡೆಲ್ಬರ್ಟ್, ಕರೆಂಟ್ ಬಿಲ್ ಕಟ್ಟೋದು ಮರೆತ್ರಾ ಆರ್ಡಿತ್, ಜನ ನಕ್ಕರು, ಹಿಂದಿನ ಸಾಲಿನಿಂದ ಯಾರೋ, ಲೂಮಿರ್, ಒಂದು ದುಂಡು ಎಂಜಿನ್ನು ಕೊಡೋ ನಿನ್ನ ತಂಗಿಗೆ, ಮತ್ತೆ ನಗು.

ಲೂಮಿರ್ ನಗಲಿಲ್ಲ. ಸಿಲಿಂಡರ್ ನೆಲಕ್ಕಿಟ್ಟು ಕಾಕ್‌ಪಿಟ್ಟಿನ ಹತ್ತಿರ ಬಂದ, ಈಗ ಅನ್ನುತ್ತಾನೆ, ಹೇಳಿದ್ನಲ್ಲ ಅನ್ನುತ್ತಾನೆ, ಮೂವತ್ತು ವರ್ಷದಿಂದ ಕಾದಿದ್ದಾನೆ, ಅನ್ನಲಿ ಪಾಪ. ಎಷ್ಟಕ್ಕೆ ಹೋಯ್ತು, ಅಂದ. ಗೆರೆ ಮುಟ್ಲಿಲ್ಲ. ಮುಟ್ಲಿಲ್ಲ ತಾನೆ? ಇಲ್ಲ ಕಣೋ, ಗಾಳಿ ತಿರುಗಿತ್ತು, ನಾನು ನೋಡ್ಲಿಲ್ಲ. ಸರಿ ಹಾಗಾದ್ರೆ ಇಳಿ, ಮೂತಿ ತಿರುಗ್ಸೋಣ. ಜನಕ್ಕೆ ಬರೀ ಪಕ್ಕೆ ಕಾಣತ್ತೆ ಆಮೇಲೆ. ಕಾಣ್ಲಿ ಬಿಡು, ಪಕ್ಕೆಗೆ ಬಣ್ಣ ಬಳಿದೋನು ನಾನು. ಪಟ್ಟಿ ಬಿಚ್ಚಿ ಇಳಿದಳು, ಹೆಲ್ಮೆಟ್ಟು ಹಾಕಿಕೊಂಡೇ, ಅಷ್ಟು ಜನರ ಎದುರು, ಅಣ್ಣ ತಂಗಿ ಇಬ್ಬರೂ ಬಾಲಕ್ಕೆ ಹೆಗಲು ಕೊಟ್ಟು ಎತ್ತಿ ನಾಲ್ಕಾರು ಹೆಜ್ಜೆ ಪಕ್ಕಕ್ಕೆ, ಇನ್ನೂ, ಇನ್ನೂ, ಗಾಳಿ ಬೆನ್ನು ಬಿಟ್ಟು ಪಕ್ಕೆಗೆ ಬರುವ ತನಕ, ಸಾಕು. ಬ್ಯಾಟರಿ ಇನ್ನೊಂದ್ಸಲ ತಡೆಯಲ್ಲ ಲೂಮಿರ್, ಅಂದಳು, ಹೀಗೆ ಶಾಖ ಮಿತಿ ಮೀರುವ ಬಿಸಿ ಸ್ಟಾರ್ಟಿಗೆ ಇನ್ನೊಂದು ಹೆಸರು ಸೋತ ಬ್ಯಾಟರಿ. ಅವನು ತನ್ನ ಹಳೆಯ ಟ್ರಕ್ಕಿನ ಕಡೆಗೆ ನಡೆದ, ಹೊರಟೇಹೋದನೇ, ಮನೆಗೆ, ರೇಡಿಯೋ ಜೋರು ಮಾಡಲು, ಅವಳು ನೋಡುತ್ತಲೇ ಇದ್ದಳು, ಹಿಂಬದಿಯ ಬಾಗಿಲು ಕೆಳಗಿಳಿಸಿದ, ಟಾರ್ಪಾಲು ಎಳೆದ, ಹಲಗೆಯ ಮೇಲಿಂದ ಏನನ್ನೋ ಜಾರಿಸಿದ, ಕಿರ್ರೋ ಎಂದು ದಬ್ಬಿಕೊಂಡು ಬಂದ, ಕೈಗಾಡಿ, ಅದರ ಮೇಲೆ ಎರಡು ದೊಡ್ಡ ಬ್ಯಾಟರಿ, ಹೆಬ್ಬೆರಳು ದಪ್ಪದ ಕೇಬಲ್ಲು, ಕೇಬಲ್ಲಿನ ತುದಿಗೆ ವಿಮಾನದ ಪಕ್ಕೆಯ ಸಾಕೆಟ್ಟಿಗೆ ಸರಿಯಾಗಿ ಕೂರುವ ಪ್ಲಗ್ಗು, ಗಾಡಿಯ ಹಿಡಿಕೆಗೆ ರೆಕ್ಕೆಯದೇ ಕೆಂಪು ಬಣ್ಣ. ಇದನ್ನ ಯಾವಾಗ ಮಾಡ್ದೆ? ಚಳಿಗಾಲ್ದಲ್ಲಿ. ನನಗೆ ಹೇಳ್ಲೇ ಇಲ್ಲ. ನೀನು ಕೇಳ್ಲಿಲ್ಲ. ಯಾಕೋ ಮಾಡ್ದೆ, ನಿನಗೆ ಈ ಎಂಜಿನ್ ಕಂಡ್ರಾಗಲ್ಲವಲ್ಲ. ಎಂಜಿನ್ ಕಂಡ್ರಾಗಲ್ಲ, ತಂಗಿ ಸುಟ್ಕೊಂಡ್ರೆ ನೋಡೋಕ್ಕಾಗತ್ತೇನೇ, ಹತ್ತು, ಹತ್ತು, ಆ ಟೈ ಕಟ್ಟಿರೋನು ಇನ್ನೊಂದು ಜೋಕು ಹೊಡೆಯೋದ್ರೊಳಗೆ ಹತ್ತು.

ಹತ್ತಿದಳು. ಪಟ್ಟಿ ಬಿಗಿದಳು, ಬೆರಳು ಗುಂಡಿಗೆ, ಹೊರಗೆ ಲೂಮಿರ್ ಪ್ಲಗ್ಗು ಕೂರಿಸಿ ಹೆಬ್ಬೆರಳು ಎತ್ತಿದ, ಟಿಕ್ ಟಿಕ್ ಟಿಕ್, ಮತ್ತು ಈ ಸಲ ಕೂಗು ಏರಲಿಲ್ಲ, ನೆಗೆಯಿತು, ಲೂಮಿರನ ಬ್ಯಾಟರಿ ಲೂಮಿರನ ಹಾಗೇ, ಹೇಳದೆ ಕೇಳದೆ ಎತ್ತಿ ಎಸೆಯುತ್ತದೆ, ಲಿವರ್ ಮುಂದೆ, ಹಫ್, ಮುಳ್ಳು ಹತ್ತಿತು, ಹತ್ತಿತು, ಗೆರೆಗೆ ಎಷ್ಟೋ ಕೆಳಗೆ ತಲೆ ಬಾಗಿಸಿತು, ಬಾಗಿಸಿ ವಿಧೇಯವಾಗಿ ಇಳಿಯಿತು, ಓ ನನ್ನ ಬಂಗಾರವೇ, ಎದುರಿಗೆ ಬ್ಲೇಡೊಂದು ಕದಲಿತು, ಇನ್ನೊಂದು ಬಂತು, ಮತ್ತೊಂದು, ಸೋಮಾರಿಗಳು, ರಾಜಕುಮಾರಿಯರು, ಒಬ್ಬರ ಹಿಂದೊಬ್ಬರು, ಎಣಿಸಬಹುದಾಗಿದ್ದವು ಎಣಿಸಲಾಗದೆ ಹೋದವು, ಬರೀ ಒಂದು ಹೊಳಪಾಗಿ ಉಳಿದವು. ಲೂಮಿರ್ ಪ್ಲಗ್ಗು ಕಿತ್ತು ಗಾಡಿ ಎಳೆದುಕೊಂಡು ದೂರ ಹೋಗಿ ನಿಂತ, ಬೆನ್ನು ತಿರುಗಿಸಲಿಲ್ಲ, ನೋಡುತ್ತ ನಿಂತ. ಆಮೇಲೆ ರನ್‌ವೇ, ಆಮೇಲೆ ಅದೂ ಇಲ್ಲ, ಓಡಿದ್ದು ಯಾವಾಗ ಎದ್ದದ್ದು ಯಾವಾಗ, ಮೂಗು ನೇರ ಸೂರ್ಯನಿಗೆ, ಈ ಎಂಜಿನ್ನಿಗೆ ಕೆಮ್ಮು ಗೊತ್ತಿಲ್ಲ ದಮ್ಮು ಗೊತ್ತಿಲ್ಲ, ಒಂದೇ ಸಮ, ಒಂದೇ ಸಮ, ಮೇಲೆ ಹೋಗಿ ನಿಂತಳು, ನಿಜಕ್ಕೂ ನಿಂತಳು, ಪ್ರೊಪೆಲರಿನ ಮೇಲೆ ತೂಗುಹಾಕಿಕೊಂಡು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ಕೆಳಗೆ ಊರು, ನೀರಿನ ಟ್ಯಾಂಕು, ಬಾಚಿದ ತಲೆಯ ಹಾಗೆ ಮೆಕ್ಕೆಜೋಳದ ಸಾಲು, ಮೂವತ್ತು ವರ್ಷ ತಲೆ ತಗ್ಗಿಸಿ ಹಾರಿದ ಹೊಲಗಳು, ಈಗ ತಲೆಕೆಳಗು, ಹೊಲಗಳೇ ಅವಳ ನೆತ್ತಿಯ ಮೇಲೆ, ಲಾಗ, ಮತ್ತೊಂದು ಲಾಗ, ಹೊಗೆಯ ಬಿಳಿ ಗೆರೆ ತಾನೇ ಗಂಟು ಹಾಕಿಕೊಂಡಿತು, ಲೂಮಿರನ ರೆಕ್ಕೆಗಳು ಒಮ್ಮೆಯೂ ನರಳಲಿಲ್ಲ, ನಾಲ್ಕು ರೆಕ್ಕೆ, ಒಂದೊಂದು ಮರದ ಪಟ್ಟಿಯನ್ನೂ ಅವನು ಬಗ್ಗಿಸಿ ಅಂಟಿಸಿದ್ದು, ಕಿರುಚಿದಳು, ಯಾರಿಗೂ ಕೇಳಿಸಲಿಲ್ಲ, ಯಾರಿಗೂ ಕೇಳಿಸಬೇಕಾಗಿರಲಿಲ್ಲ, ಹಾಡಿದಳು ಅಂದರೂ ಸರಿಯೇ.

ಇಳಿದಾಗ ಕುರ್ಚಿಗಳೆಲ್ಲ ಖಾಲಿ, ಜನ ಎದ್ದು ನಿಂತಿದ್ದಾರೆ, ಒಂದು ಕಿಡಿಗೇಡಿತನ ಉಳಿದಿತ್ತು, ಬ್ಲೇಡುಗಳನ್ನು ಉಲ್ಟಾ ತಿರುಗಿಸಿ ವಿಮಾನವನ್ನು ಹಿಂದಹಿಂದಕ್ಕೆ ನಡೆಸಿದಳು, ನಮಸ್ಕಾರ ಮಾಡಿ ಹಿಂದೆ ಸರಿಯುವ ನಟಿಯ ಹಾಗೆ, ಡೆಲ್ಬರ್ಟ್ ಟೈ ಬಿಚ್ಚಿ ಬೀಸುತ್ತಿದ್ದ, ಮಾತು ನಿಂತುಹೋಗಿತ್ತು ಅವನದ್ದು, ಅದೊಂದಕ್ಕೇ ಬಹುಮಾನ ಕೊಡಬೇಕು. ಲಿವರ್ ಹಿಂದೆ. ಬೆಂಕಿ ನಂದಿತು, ಕೂಗು ಇಳಿಯುತ್ತ ಇಳಿಯುತ್ತ ಪಿಸುಮಾತಾಗಿ, ಅದೂ ಇಲ್ಲವಾಗಿ, ಪ್ರೊಪೆಲರ್ ಮಾತ್ರ ಸದ್ದಿಲ್ಲದೆ ಇನ್ನೊಂದಷ್ಟು ಹೊತ್ತು ತಿರುಗಿ ನಿಂತಿತು. ಜನ ಹಗ್ಗ ದಾಟಿ ಬರುತ್ತಿದ್ದಾರೆ, ಅವರಿಗಿಂತ ಮುಂಚೆ ಲೂಮಿರ್, ಅವಳ ಕಡೆ ಬರಲಿಲ್ಲ, ಮೂಗಿನ ಕಡೆ ಹೋದ, ಪ್ರೊಪೆಲರಿನ ಎದುರು ನಿಂತ, ದುಂಡು ಎಂಜಿನ್ನಿನ ಪ್ರೊಪೆಲರುಗಳನ್ನು ಮೈಯೆಲ್ಲ ಹಾಕಿ ಎಳೆದೂ ಎಳೆದೂ ಅವನ ಬಲ ಹೆಗಲು ಸವೆದುಹೋಗಿದೆ, ಅಂಗಿ ತೊಡುವಾಗ ಇಂದಿಗೂ ಹಲ್ಲು ಕಚ್ಚುತ್ತಾನೆ, ಅದೇ ಕೈ ಎತ್ತಿದ, ಪೂರ್ತಿ ಎತ್ತಲಾಗದು, ಅರ್ಧಕ್ಕೆ ಎತ್ತಿ ಒಂದು ಬೆರಳು ಚಾಚಿ ಬ್ಲೇಡನ್ನು ದಬ್ಬಿದ, ಬರೀ ಬೆರಳಿನಿಂದ, ಅಷ್ಟು ದೊಡ್ಡ ಪ್ರೊಪೆಲರ್ ಎಲೆಯ ಹಾಗೆ ತಿರುಗಿತು, ಹಿಡಿಯುವುದು ಏನೂ ಇಲ್ಲ ಒಳಗೆ, ತಾಕುವುದು ಏನೂ ಇಲ್ಲ, ತಿರುಗಿ ತಿರುಗಿ ನಿಂತಿತು, ಅವನು ಬಾಗಿ ಹಿಂದೆ ಇಣುಕಿದ, ಮತ್ತೆ ದಬ್ಬಿದ, ಜನ ಅವಳ ಹೆಸರು ಕೂಗುತ್ತಿದ್ದಾರೆ, ಯಾರೋ ಕಾಕ್‌ಪಿಟ್ಟಿನೊಳಗೆ ಕೈ ಚಾಚಿದ್ದಾರೆ, ಕುಲುಕಬೇಕು, ಕುಲುಕುತ್ತಾಳೆ, ಒಂದು ನಿಮಿಷ, ಲೂಮಿರ್ ಯಾರನ್ನೂ ನೋಡುತ್ತಿಲ್ಲ, ಎಣ್ಣೆ ಹಿಡಿದ ದಪ್ಪ ಬೆರಳು, ಬ್ಲೇಡಿನ ಅಂಚು, ಒಂದು ಸುತ್ತು, ನಿಂತಿತು, ಮತ್ತೆ ಬೆರಳು, ಮತ್ತೆ ಒಂದು ಸುತ್ತು, ಮತ್ತೆ ಬೆರಳು —