ಎರಡು ವೋಟಿನ ಶರಣಪ್ಪ

ಲಂಡನ್ನಿನ ಅಂಚಿನ ಪಿನ್ನರಿನ ಆ ಮನೆಯಲ್ಲಿ ಶರಣಪ್ಪನವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮಗಳು ಅಂಕಿತಾ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ದಿನವಿಡೀ ಕಂಡವರ ಮಂಡಿನೋವು ಕೇಳಿ ಬಂದವಳಿಗೆ ಅಪ್ಪನ ಮಾತು ಕೇಳುವ ತ್ರಾಣ ಉಳಿಯುತ್ತಿರಲಿಲ್ಲ. ಅಳಿಯ ನಿತೀಶ ಒಳ್ಳೆಯವನೇ, ಆದರೆ ಆಫೀಸನ್ನು ಕಿವಿಯಲ್ಲೇ ಸಿಕ್ಕಿಸಿಕೊಂಡು ಮನೆ ತುಂಬ ಓಡಾಡುವವನು. ಮೊಮ್ಮಗಳು ಸಾನ್ವಿ, ಅಜ್ಜ ಎಷ್ಟು ಉದ್ದದ ಮಾತಾಡಿದರೂ "ಓಕೆ ಅಜ್ಜಾ" ಎಂದು ಎರಡೇ ಪದದಲ್ಲಿ ಮುಗಿಸುತ್ತಿದ್ದಳು. ಮನೆ ಬೆಚ್ಚಗಿಡುವ ಹೊಸ ಬಾಯ್ಲರ್ ಬಂತು, ನಡುಮನೆಯ ಗೋಡೆಗೆ ಬೂದಿ ಬಣ್ಣ ಬಂತು. ಬೂದಿ ಬಣ್ಣದ ಬಗ್ಗೆ ಶರಣಪ್ಪನವರಿಗೆ ಬಲವಾದ ಅಭಿಪ್ರಾಯವಿತ್ತು, ಅದು ಅವರ ಹೊಟ್ಟೆಯಲ್ಲೇ ಉಳಿಯಿತು. ಅಮೆರಿಕದ ವಿಸ್ಕಾನ್ಸಿನ್‌ನ ಕಾಗದದ ಕಾರ್ಖಾನೆಯಲ್ಲಿ ಅವರು ಕೈ ಎತ್ತಿದರೆ ಯಂತ್ರ ನಿಲ್ಲುತ್ತಿತ್ತು. ಇಲ್ಲಿ ಕಸದ ಯಾವ ಡಬ್ಬಿ ಯಾವ ವಾರ ಹೊರಗಿಡಬೇಕೆಂದು ಅವರಿಗೇ ಪಾಠ ಹೇಳುತ್ತಿದ್ದರು.

ಇಂಥ ಮನುಷ್ಯನನ್ನು ಒಂದು ಹಳದಿ ಚೀಟಿ ರಾಜನನ್ನಾಗಿ ಮಾಡಿತು.

ಶರಣಪ್ಪ, ಅವರ ಹೆಂಡತಿ ಸುಶೀಲಾಬಾಯಿ ಇಬ್ಬರೂ ವಿಜಯಪುರ ಬಿಟ್ಟು ಅಮೆರಿಕಕ್ಕೆ ಹೋಗಿ ಅಲ್ಲಿನ ಪೌರರಾದವರು. ನಿವೃತ್ತಿಯಾದ ಮೇಲೆ ಲಂಡನ್ನಿಗೆ ಮಗಳ ಮನೆಗೆ ಬಂದವರು. ಅಧ್ಯಕ್ಷರ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷ ತನ್ನ ಹುರಿಯಾಳನ್ನು ಆರಿಸುವಾಗ ಹೊರದೇಶದಲ್ಲಿರುವ ಅಮೆರಿಕನ್ನರಿಗೂ ವೋಟುಂಟು. ಲಂಡನ್ನಿನಲ್ಲೇ ಒಂದು ಹಾಲ್ ಹಿಡಿದು ವೋಟು ಹಾಕಿಸುತ್ತಾರೆ. ಆ ಚಳಿಗಾಲ ಕಣದಲ್ಲಿ ಮೂವರಿದ್ದರು: ಒಬ್ಬ ಎಳೆಯ ಮೇಯರ್, ಒಬ್ಬ ಹಳೆಯ ಸೆನೆಟರ್, ಒಬ್ಬರು ಗವರ್ನರಮ್ಮ. ಆ ಮೂವರೂ ಲಂಡನ್ನಿಗೆ ಬರಲಿಲ್ಲ, ಪರದೆಯ ಮೇಲೆ ಕೈ ಬೀಸಿದರು. ಬಂದು ಹಲ್ಲು ಕಿರಿಯುವ ಕೆಲಸವನ್ನು ಬೆಂಬಲಿಗರು ನೋಡಿಕೊಂಡರು.

ಮೊದಲ ಸಭೆ ಮೇಯರನ ಕಡೆಯವರದು, ಕ್ಯಾನರಿ ವಾರ್ಫಿನ ಒಂದು ಗಾಜಿನ ಕಟ್ಟಡದಲ್ಲಿ. ಲಿಫ್ಟ್ ಏರುವಷ್ಟರಲ್ಲಿ ಶರಣಪ್ಪನವರ ಕಿವಿ ಗವ್ವೆಂದಿತು. ಬಾಗಿಲಲ್ಲಿದ್ದ ಹುಡುಗಿ, ನೀವು ಯಾರ ಕಡೆಯವರು ಎಂದು ಕೇಳಿದಳು. ಮೇಯರನ ಕಡೆಯವರಿಗೆ ನೀಲಿ ಚೀಟಿ, ಇನ್ನೂ ತೀರ್ಮಾನಿಸದವರಿಗೆ ಹಳದಿ. ನಿಜ ಹೇಳಬೇಕೆಂದರೆ ಶರಣಪ್ಪನವರ ತೀರ್ಮಾನ ಎಂದೋ ಆಗಿತ್ತು. ಗವರ್ನರಮ್ಮ ಟಿವಿಯಲ್ಲಿ ಒಂದು ಪ್ರಶ್ನೆಗೆ "ನನಗೆ ಗೊತ್ತಿಲ್ಲ" ಎಂದದ್ದನ್ನು ಕೇಳಿ, ರಾಜಕಾರಣಿಯ ಬಾಯಲ್ಲಿ ಇಂಥ ಮಾತು ಬಂತಲ್ಲ ಎಂದು ಅಂದೇ ಮನಸ್ಸು ಕೊಟ್ಟಿದ್ದರು. ಆದರೆ ಕರೆದವರ ಮನೆಗೆ ಬಂದು ಅದನ್ನು ಹೇಳುವುದು ಚೆನ್ನಾಗಿರುವುದಿಲ್ಲವಲ್ಲ. ಪಕ್ಕದಲ್ಲಿದ್ದ ಹೆಂಡತಿಯನ್ನೂ ಸೇರಿಸಿಕೊಂಡು, ನಾವಿಬ್ಬರೂ ಇನ್ನೂ ವಿಚಾರ ಮಾಡುತ್ತಿದ್ದೇವೆ ಎಂದುಬಿಟ್ಟರು. ಹುಡುಗಿ ಎರಡು ಹಳದಿ ಚೀಟಿ ಕೊಟ್ಟಳು. ಒಂದನ್ನು ಕೋಟಿಗೆ ಅಂಟಿಸಿಕೊಂಡರು. ಸುಶೀಲಾಬಾಯಿಯ ಉಣ್ಣೆಯ ಶಾಲಿಗೆ ಅದು ಅಂಟುವುದಿಲ್ಲವೆಂದು ತಾವೇ ತೀರ್ಮಾನಿಸಿ, ಇನ್ನೊಂದನ್ನು ಜೇಬಿಗೆ ಸೇರಿಸಿದರು.

ಒಳಗೆ ಕೂರಲು ಕುರ್ಚಿ ಇರಲಿಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಗ್ಲಾಸು, ಬಂದವರ ಕೈ ಕುಲುಕಲು ಮೂರನೆಯದೊಂದು ಕೈ ಬೇಕಿತ್ತು. ಆದರೆ ಹಳದಿ ಚೀಟಿ ಕಂಡದ್ದೇ ತಡ, ಸಭೆ ಕರೆದಿದ್ದ ಟೈ ಕಟ್ಟಿದ ವಕೀಲರು ನೀಲಿಯವರನ್ನು ಬಿಟ್ಟು ಇವರನ್ನು ಮುತ್ತಿಕೊಂಡರು. ಸರ್, ನಿಮಗೆ ಮುಖ್ಯವಾದ ವಿಷಯ ಯಾವುದು ಎಂದರು. ಶರಣಪ್ಪನವರು ತಟ್ಟೆಯನ್ನು ಕಿಟಕಿಯ ಅಂಚಿಗಿಟ್ಟರು. ತಮ್ಮನ್ನು ಯಾರಾದರೂ ಹೀಗೆ ಕೇಳಿ ಎಷ್ಟು ವರ್ಷವಾಗಿತ್ತು! ಕಾಗದದ ಕಾರ್ಖಾನೆಯಿಂದ ಶುರುಮಾಡಿ, ಆರೋಗ್ಯ ವಿಮೆಗೆ ಬಂದು, ಬಾಯ್ಲರ್ ಮುಟ್ಟಿ, ಬೂದಿ ಬಣ್ಣದಲ್ಲಿ ನಿಲ್ಲಿಸಿದರು. ವಕೀಲರು ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಶರಣಪ್ಪನವರು, "ನಮ್ಮ ಮನೆಯಲ್ಲಿ ಎರಡು ವೋಟು" ಎಂದು ಇಂಗ್ಲಿಷಿನಲ್ಲಿ ತೇಲಿಬಿಟ್ಟರು. ಸುತ್ತಲಿನ ಗುಂಪು ಇನ್ನಷ್ಟು ದಟ್ಟವಾಯಿತು.

ಸುಶೀಲಾಬಾಯಿ ಆ ಮಹಡಿಯ ಏಕೈಕ ಕುರ್ಚಿಯನ್ನು ಕೋಟು ನೇತುಹಾಕುವ ಕೋಣೆಯಲ್ಲಿ ಪತ್ತೆ ಹಚ್ಚಿ, ಅಲ್ಲಿದ್ದ ಹೆಂಗಸಿನ ಜೊತೆ ಮಾತಿಗೆ ಕೂತಿದ್ದರು.

ಅಲ್ಲಿಂದ ಶರಣಪ್ಪನವರಿಗೆ ಚಟವೇ ಹತ್ತಿತು. ಬೆಳಿಗ್ಗೆ ಮೇಯರನ ಕಡೆಯ ಫೋನು, ಮಧ್ಯಾಹ್ನ ಸೆನೆಟರನ ಕಡೆಯದು. ಪಿನ್ನರಿನ ಪಕ್ಕದ ರೇನರ್ಸ್ ಲೇನಿನ ಒಂದು ಹೋಟೆಲಿನ ಮಹಡಿಯಲ್ಲಿ ಸೆನೆಟರನ ಸಭೆ ಏರ್ಪಡಿಸಿದ್ದು ಭಾರ್ಗವ ಎಂಬ ದಂತವೈದ್ಯ. ಹುಟ್ಟಿದ್ದು ಅಮೆರಿಕದಲ್ಲಿ, ಅಪ್ಪ ಅಮ್ಮ ಬೆಂಗಳೂರಿನವರು. ಶರಣಪ್ಪನವರ ಕೋಟಿನ ಮೇಲಿನ ಹಳದಿ ಕಂಡು, ಮಿರ್ಚಿ ಭಜಿಯ ತಟ್ಟೆಯನ್ನು ಅವರ ಮುಂದಿನಿಂದ ಕದಲಿಸಲೇ ಇಲ್ಲ. ಪರದೆಯ ಮೇಲೆ ಸೆನೆಟರ್ ಮೈಕ್ ಹಾಕಿಕೊಳ್ಳುವುದನ್ನು ಮರೆತು ಬಹಳ ಹೊತ್ತು ಬಾಯಿ ಆಡಿಸಿದ. ಅವನ ಭಾಷಣಗಳಲ್ಲೆಲ್ಲ ಇದೇ ಉತ್ತಮವಾದದ್ದೆಂದು ಶರಣಪ್ಪನವರಿಗೆ ಅನಿಸಿತು. ಭಾರ್ಗವ ಪಕ್ಕಕ್ಕೆ ಕರೆದು, "ಸರ್, ಎರಡು ವೋಟೂ ನಮಗೇ ಅಂದ್ಕೊಳ್ಳಲಾ?" ಎಂದು ಕೇಳಿದ.

"ಇನ್ನೂ ವಿಚಾರ ಮಾಡಾಕತ್ತೀನ್ರಿ" ಎಂದು ಶರಣಪ್ಪನವರು ಇನ್ನೊಂದು ಭಜಿ ಎತ್ತಿಕೊಂಡರು.

ಎಡವಟ್ಟಾದದ್ದು ಗವರ್ನರಮ್ಮನ ಕಡೆಯವರ ಸಭೆಯಲ್ಲಿ. ಅದು ಪಿನ್ನರಿನಲ್ಲೇ, ಪಕ್ಕದ ಬೀದಿಯ ನಿವೃತ್ತ ಅಮೆರಿಕನ್ ಟೀಚರ್ ಒಬ್ಬರ ಮನೆಯಲ್ಲಿ. ತಾವು ಮೊದಲೇ ಅವರ ಕಡೆಯವರೆಂದು ಇಲ್ಲಿ ಗೊತ್ತಾದರೆ ಮರುದಿನದಿಂದ ಯಾರು ಕೇಳುತ್ತಾರೆ? ಆದ್ದರಿಂದ ಶರಣಪ್ಪನವರು ಗವರ್ನರಮ್ಮನ ಮೇಲೆ ಒಂದೊಂದೇ ತಕರಾರು ತೆಗೆದರು. ತೆರಿಗೆಯ ಲೆಕ್ಕ ಸರಿಯಿಲ್ಲ ಎಂದರು, ಕಾರ್ಖಾನೆಯ ಕಷ್ಟ ಅವರಿಗೆ ತಿಳಿಯದು ಎಂದರು. ಟೀಚರ್ ಚಹಾ ಬಗ್ಗಿಸಿ ಬಗ್ಗಿಸಿ ಉತ್ತರ ಕೊಟ್ಟರು. ಶರಣಪ್ಪನವರ ವಾದ ಎಷ್ಟು ಚೆನ್ನಾಗಿತ್ತೆಂದರೆ, ಸೋಫಾದ ಮೂಲೆಯಲ್ಲಿದ್ದ ಗವರ್ನರಮ್ಮನ ಹಳೆಯ ಬೆಂಬಲಿಗನೊಬ್ಬ ತನಗೂ ಈಗ ಅನುಮಾನ ಬರುತ್ತಿದೆ ಎಂದುಬಿಟ್ಟ. ಶರಣಪ್ಪನವರ ಉಳಿದ ಸಂಜೆಯೆಲ್ಲ ಆ ಮನುಷ್ಯನನ್ನು ಮರಳಿ ಒಪ್ಪಿಸುವುದರಲ್ಲೇ ಕಳೆಯಿತು. ಕಿಟಕಿಯ ಬಳಿ ಕೂತಿದ್ದ ಸುಶೀಲಾಬಾಯಿ ಚಹಾದ ಕಪ್ಪಿನ ಮೇಲಿನಿಂದ ಗಂಡನನ್ನು ಒಮ್ಮೆ ನೋಡಿದರು.

ಆ ಟೀಚರ್, ಇಬ್ಬರೂ ಹೊರಡುವಾಗ, ನಿಮ್ಮ ವಿಚಾರವೇನು ಎಂದು ಸುಶೀಲಾಬಾಯಿಯನ್ನು ಕೇಳಲು ಬಾಯಿ ತೆರೆದಿದ್ದುಂಟು. ನಮ್ಮಿಬ್ಬರದೂ ಒಂದೇ ವಿಚಾರ ಎಂದು ಶರಣಪ್ಪನವರು ನಡುವೆಯೇ ಹೇಳಿ ಅವರ ಶ್ರಮ ಉಳಿಸಿದರು.

ಪ್ರತಿ ಸಭೆಯ ವರದಿ ರಾತ್ರಿ ಊಟದ ಮೇಜಿನ ಮೇಲೆ ಬರುತ್ತಿತ್ತು. ಅಂಕಿತಾ ಆಕಳಿಸುತ್ತಿದ್ದಳು, ನಿತೀಶ ಕಿವಿ ಮುಟ್ಟಿಕೊಂಡು ಎದ್ದು ಹೋಗುತ್ತಿದ್ದ. ಕೊನೆಗೆ ಉಳಿಯುತ್ತಿದ್ದವರು ಸುಶೀಲಾಬಾಯಿ. ಈ ಮನೆಯಾಗ ನನ್ನ ಮಾತಿಗೆ ಬೆಲೆನೇ ಇಲ್ಲ, ಹೊರಗಿನವರು ಕೇಳ್ತಾರ ನೋಡು ಎಂದು ಶರಣಪ್ಪನವರು ಅವರೆದುರು ದಿನಾ ಗೊಣಗುತ್ತಿದ್ದರು. ಸುಶೀಲಾಬಾಯಿ ರೊಟ್ಟಿ ಮುಚ್ಚಿಡುತ್ತ "ಹೂಂ" ಎನ್ನುತ್ತಿದ್ದರು.

ವೋಟಿನ ದಿನ ಇಬ್ಬರೂ ಟ್ಯೂಬ್ ರೈಲು ಹಿಡಿದು ಊರ ನಡುವಿನ ಹಾಲಿಗೆ ಹೋದರು. ಮೊದಲ ಚೀಟಿ ಅಂಟು ಕಳೆದುಕೊಂಡಿದ್ದರಿಂದ ಶರಣಪ್ಪನವರು ಜೇಬಿನಲ್ಲಿದ್ದ ಎರಡನೆಯದನ್ನು ಕೋಟಿಗೆ ಒತ್ತಿಕೊಂಡಿದ್ದರು. ಬಾಗಿಲ ಹೊರಗೆ ಭಾರ್ಗವ, ವಕೀಲರು, ಟೀಚರ್ ಎಲ್ಲರೂ ಸುತ್ತುವರಿದು ಕೊನೆಯ ಮಾತು ಹೇಳಿದರು. ಆ ಕಾಲು ಗಂಟೆ ಅವರ ಜೀವನದ ಸುಖದ ಗಳಿಗೆಗಳಲ್ಲೊಂದು. ಒಳಗೆ ಹೋಗಿ, ರಟ್ಟಿನ ಮರೆಯಲ್ಲಿ ಗವರ್ನರಮ್ಮನ ಹೆಸರಿನ ಮುಂದೆ ಗುರುತು ಹಾಕಿ, ಕಾಗದ ಮಡಚಿ ಡಬ್ಬಿಗೆ ಹಾಕಿದರು.

ಆಮೇಲೆ ನೆನಪಾಯಿತು, ಯಾರಿಗೆ ಹಾಕಬೇಕೆಂದು ಹೆಂಡತಿಗೆ ಹೇಳಿಯೇ ಇಲ್ಲ! ವಿಸ್ಕಾನ್ಸಿನ್‌ನಲ್ಲಿ ಅಂಚೆಯ ಮತಪತ್ರ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಇಬ್ಬರದೂ ಆಗುತ್ತಿತ್ತು. ಇವರು ಬೆರಳಿಟ್ಟ ಕಡೆ ಅವರು ಗುರುತು ಹಾಕುತ್ತಿದ್ದರು. ಈ ಸಲ ಗುಟ್ಟು ಹೊರಬಿದ್ದೀತೆಂದು ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಸುಶೀಲಾಬಾಯಿ ಆಗಲೇ ರಟ್ಟಿನ ಹಿಂದಿದ್ದರು. ಶಾಲಿನ ಅಂಚು ಮಾತ್ರ ಕಾಣುತ್ತಿತ್ತು. ಶರಣಪ್ಪನವರು ಕೆಮ್ಮಿದರು, ಕೈ ತೋರಿಸಿದರು, ಎರಡು ಹೆಜ್ಜೆ ಮುಂದಿಟ್ಟರು. ಒಬ್ಬರ ಹತ್ತಿರ ಇನ್ನೊಬ್ಬರು ಹೋಗುವಂತಿಲ್ಲ ಎಂದು ಸ್ವಯಂಸೇವಕಿ ನಗುನಗುತ್ತ ಅಡ್ಡ ನಿಂತಳು. ಸುಶೀಲಾಬಾಯಿ ಅವಸರವಿಲ್ಲದೆ ಹೊರಬಂದು, ಮಡಚಿದ ಕಾಗದವನ್ನು ಡಬ್ಬಿಗೆ ಇಳಿಬಿಟ್ಟರು.

ಹೊರಗೆ ಬಂದಾಗ ಭಾರ್ಗವ, ಆಯ್ತಾ ಸರ್ ಎಂದು ಕೈ ಕುಲುಕಿದ. ಆಯಿತು ಎಂದದ್ದೇ, ಅವನ ಕಣ್ಣು ಶರಣಪ್ಪನವರ ಭುಜದಾಚೆ ಬರುತ್ತಿದ್ದ ಇನ್ನೊಬ್ಬನ ಕಡೆಗೆ ಹೋಯಿತು, ಅವನೂ ಹೋದ. ವಕೀಲರಿಗೆ ಇವರ ಹೆಸರೇ ನೆನಪಿರಲಿಲ್ಲ. ಮದುವೆ ಮುಗಿಸಿ ಮದುಮಗನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋದ ಹಾಗಾಯಿತು. ಶರಣಪ್ಪನವರಿಗೆ ನಿಜಕ್ಕೂ ಅಳು ಬಂತು.

ಪಿನ್ನರಿಗೆ ಮರಳುವ ಟ್ಯೂಬಿನಲ್ಲಿ, "ನಾಳಿಂದ ನನ್ನ ಯಾರೂ ಕೇಳಂಗಿಲ್ಲ" ಎಂದರು.

"ನಿಮ್ಮನ್ನ ಯಾರೂ ಕೇಳಂಗಿಲ್ಲ ಅಂತ ಚಳಿಗಾಲ ಪೂರ್ತಿ ಹೇಳೀರಿ, ನಾ ಕೇಳೀನಿ" ಎಂದರು ಸುಶೀಲಾಬಾಯಿ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನನ್ನ ನೀವು ಯಾವಾಗರೆ ಕೇಳೀರೇನು?"

ಶರಣಪ್ಪನವರು ಎದುರಿಗಿದ್ದ ನಿಲ್ದಾಣಗಳ ಪಟ್ಟಿ ಓದತೊಡಗಿದರು. ಸುಶೀಲಾಬಾಯಿ ಕೈಚಾಚಿ ಅವರ ಕೋಟಿನ ಮೇಲಿದ್ದ ಹಳದಿ ಚೀಟಿಯನ್ನು ಮೆಲ್ಲಗೆ ಕಿತ್ತರು. ಇದು ನಂದಲ್ಲೇನು ಎಂದು, ತಮ್ಮ ಶಾಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಉಣ್ಣೆಯ ಮೇಲೆ ಅದು ಚೆನ್ನಾಗಿಯೇ ಅಂಟಿಕೊಂಡಿತು.

ಮನೆಯಲ್ಲಿ ಯಾರೂ ಇರಲಿಲ್ಲ. ಸುಶೀಲಾಬಾಯಿ ಚಪ್ಪಲಿ ಬಿಟ್ಟು ಬೂದಿ ಬಣ್ಣದ ಗೋಡೆಗೆ ಒರಗಿ ಕೂತರು. ಶರಣಪ್ಪನವರು ಎದುರು ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದರು.

"ನೀ ಯಾರಿಗೆ ಹಾಕಿದಿ?"

"ಹೇಳೂದೋ ಬ್ಯಾಡೋ, ಇನ್ನೂ ವಿಚಾರ ಮಾಡಾಕತ್ತೀನ್ರಿ." ಸುಶೀಲಾಬಾಯಿ ಕಾಲು ಚಾಚಿದರು. "ಆ ಟೀಚರ್ ಆದರ ಮೊದಲ ಚಾ ಕೊಟ್ಟು, ಆಮ್ಯಾಲೆ ಕೇಳ್ತಿದ್ರು."

ಶರಣಪ್ಪನವರು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಹಾಲು, ನೀರು, ಚಹಾಪುಡಿ ಎಲ್ಲ ಆಯಿತು. ಸಕ್ಕರೆ ಡಬ್ಬಿಗೆ ಚಮಚ ಹಾಕಿದವರು ಅದನ್ನು ಅಲ್ಲೇ ಬಿಟ್ಟರು. ಆಮೇಲೆ ಬಾಗಿಲಿಗೆ ಬಂದು, ನಿನಗ ಸಕ್ಕರಿ ಎಷ್ಟು ಎಂದು ಹೆಂಡತಿಯನ್ನು ಕೇಳಿದರು.