ಎಡತುದಿಯ ಉಂಗುರಗಳು

ಗೋಬೆಲ್ ಸತ್ತ ಮೇಲೆ ಅವನ ಸರಪಳಿ ಕವಚದ ಅಂಗಡಿ ಹೆಂಡತಿ ಹಿಲ್ಲಾಳಿಗೆ ಉಳಿಯಬೇಕಾದರೆ, ಕೊಲೋನ್ ಪಟ್ಟಣದ ಕವಚಗಾರರ ಸಂಘದ ಹಿರಿಯನ ಕಣ್ಣೆದುರು ಅವಳು ಉಂಗುರಗಳಿಂದ ಅಂಗೈಯಗಲದ ತುಂಡು ಹೆಣೆದು ತೋರಿಸಬೇಕಿತ್ತು. ಹಿರಿಯ ಟಿಲ್ಮನ್ ಕೋಟೆಯ ಕಾವಲು ಸರದಿ ಮುಗಿಸಿ ನೇರ ಬಂದ. ಕವಚ ಮೈಮೇಲೇ ಇತ್ತು.

"ಶುರು ಮಾಡಮ್ಮ. ಬಿಯರ್ ಏನಾದ್ರೂ ಇದ್ಯಾ?"

"ಮೊದ್ಲು ನೋಡಿ, ಆಮೇಲೆ ಕುಡೀರಿ. ಕುಡಿದು ನೋಡಿದ್ರೆ ಒಂದುಂಗುರ ಎರಡಾಗಿ ಕಾಣ್ಸುತ್ತೆ."

ಹಿಲ್ಲಾ ತಂತಿಯನ್ನು ಸಲಾಕೆಗೆ ಬಿಗಿಯಾಗಿ ಸುತ್ತಿದಳು. ಸುರುಳಿಯನ್ನು ಉದ್ದಕ್ಕೆ ಕತ್ತರಿಸಿ ಉಂಗುರಗಳನ್ನು ಉದುರಿಸಿ, ಕೆಂಡದಲ್ಲಿ ಕಾಯಿಸಿ ಮೆತ್ತಗಾಗಿಸಿದಳು. ತುದಿಯ ಮೇಲೆ ತುದಿ ಕೂರಿಸಿ ಚಪ್ಪಟೆಯಾಗುವಂತೆ ಬಡಿದು ತೂತು ಹೊಡೆದಳು. ಒಂದೊಂದನ್ನೂ ನಾಲ್ಕು ಉಂಗುರಗಳಿಗೆ ಕೋದು, ಎಳ್ಳಿನಷ್ಟು ಮೊಳೆಯಿಟ್ಟು ಇಕ್ಕಳದಲ್ಲಿ ಅದುಮಿದಳು.

ಟಿಲ್ಮನ್ ದಬ್ಬಳ ತೂರಿಸಿ ಮೀಟಿದ. ಒಂದೂ ಬಾಯಿ ಬಿಡಲಿಲ್ಲ. ತುಂಡನ್ನು ಕಿಟಕಿಯ ಬೆಳಕಿಗೆ ಒಯ್ದವನು ಹುಬ್ಬು ಗಂಟಿಕ್ಕಿದ.

"ಉಂಗುರದ ಎಡತುದಿ ಬಲತುದಿಯ ಮೇಲೆ ಕೂತಿದೆಯಲ್ಲಮ್ಮ! ನಮ್ಮಲ್ಲಿ ಬಲತುದಿ ಮೇಲೆ ಬರ್ಬೇಕು."

"ನಾನು ಎಡಚಿ."

"ಸಂಘ ಒಪ್ಪಲ್ಲ. ಗಂಡನ ಕೆಲಸ ನೋಡಿಯಾದ್ರೂ ಕಲೀಬಾರ್ದಿತ್ತಾ? ನಾನು ತೊಟ್ಟಿರೋದು ಅವನದೇ ಕವಚ. ಅವನ ಹೆಸರಿನ ಹಿತ್ತಾಳೆ ಉಂಗುರ ನೋಡು, ಇಲ್ಲಿ."

ಹಿಲ್ಲಾ ಆ ಉಂಗುರವನ್ನು ನೋಡಿದಳು. ಸಾಯುವ ಎಷ್ಟೋ ವರ್ಷ ಮೊದಲೇ ಗೋಬೆಲನ ಕೈ ನಡುಗಲು ಶುರುವಾಗಿತ್ತು. ಅವಳು ಬಾಯಿಬಿಟ್ಟರೆ, ಅವನು ಹೆಂಡತಿಯ ಕೆಲಸಕ್ಕೆ ತನ್ನ ಗುರುತು ಹಾಕಿ ಮಾರಿದವನಾಗುತ್ತಾನೆ. ಸತ್ತ ಕುಶಲಿಗರ ಹೆಸರುಗಳನ್ನು ವರ್ಷಕ್ಕೊಮ್ಮೆ ಇಗರ್ಜಿಯಲ್ಲಿ ಓದುವಾಗ ಅವನ ಹೆಸರನ್ನು ಬಿಟ್ಟುಬಿಡುತ್ತಾರೆ. ಸುಮ್ಮನಿದ್ದರೆ ಅಂಗಡಿಗೆ ಬೀಗ.

"ನಿಮ್ಮ ತೋಳನ್ನೂ ಬೆಳಕಿಗೆ ಹಿಡೀರಿ, ಹಿರಿಯರೇ."

ಟಿಲ್ಮನ್ ಹಿಡಿದ. ಎಣ್ಣೆ ಸವರಿ, ಮರಳಲ್ಲಿ ಹೊರಳಿಸಿ ತುಕ್ಕು ಕಳೆದು ಇಷ್ಟು ಕಾಲ ತೊಟ್ಟಿದ್ದರೂ ಉಂಗುರದ ತುದಿಗಳನ್ನು ಅವನು ನೋಡಿರಲಿಲ್ಲ. ಅಲ್ಲೂ ಎಡತುದಿಯೇ ಮೇಲಿತ್ತು.

"ಅಯ್ಯೋ ಕಳ್ಳಿ! ಇದನ್ನೇ ಹೊಗಳ್ಕೊಂಡು ತಿರುಗಿದ್ನಲ್ಲೇ ನಾನು!"

"ಹೊಗಳಿದ್ದು ತಪ್ಪೇನಲ್ಲ ಬಿಡಿ."

ಅವನು ನಗಲು ಹೋಗಿ ತಡೆದುಕೊಂಡ. "ನೋಡು, ಅರ್ಧ ಕಾವಲುಪಡೆ ಮೈಮೇಲೆ ನಿನ್ನ ಕೆಲಸ ಇದೆ ಅಂದ್ರೆ ಎಡ-ಬಲ ಅಂತ ಯಾರೂ ಸೊಲ್ಲೆತ್ತಲ್ಲ. ಅಂಗಡಿ ನಿಂಗೇ. ಆದ್ರೆ ಸಂಘದ ಮುಂದೆ ನೀನೇ ಹೇಳ್ಬೇಕು. ಆಮೇಲೆ ಗೋಬೆಲ್ ಹೆಸರು ಓದಲ್ಲ. ಹೇಳ್ತೀಯಾ?"

ಪ್ರತಿ ವರ್ಷ ಇಗರ್ಜಿಯಲ್ಲಿ ತನ್ನ ಅಪ್ಪನ ಹೆಸರು ಬರುವಾಗ ಗೋಬೆಲ್ ಅವಳನ್ನು ಮೊಣಕೈಯಿಂದ ತಿವಿಯುತ್ತಿದ್ದ.

"ಹೇಳ್ತೀನಿ."

ಅವಳು ಅಳಬಹುದೆಂದು ಟಿಲ್ಮನ್ ಕಾಯುತ್ತಿದ್ದಂತಿತ್ತು. ಹಿಲ್ಲಾ ಕೈಯೊರೆಸಿಕೊಂಡು ಕೆಂಡಕ್ಕೆ ಬೂದಿ ಮುಚ್ಚಿದಳು.

"ನಡೀರಿ, ಈಗ್ಲೇ ಹೋಗೋಣ. ನಾಳೆಗಾದ್ರೆ ನನ್ನ ಕೈಲಿ ಆಗಲ್ಲ."